ತೊಟ್ಟಿಮನೆಯ ಮರಮುಟ್ಟನ್ನು ಕೆಡದಂತೆ ಬಿಚ್ಚಿಕೊಳ್ಳುವ ಬಗೆ

ಮಂಡ್ಯ, ಶ್ರೀರಂಗಪಟ್ಟಣ, ಪಾಂಡವಪುರ, ಮೇಲುಕೋಟೆಗಳ ಕಡೆಯಲ್ಲಿ ಮತ್ತು ಮೈಸೂರಿನ ಹಳೆಯ ಅಗ್ರಹಾರಗಳಲ್ಲಿ ಉಳಿದಿರುವ ತೊಟ್ಟಿಮನೆಗಳ ಪೈಕಿ ದುರಸ್ತಿಯ ಹಂತವನ್ನು ದಾಟಿದವು ಹಲವು. ಅಂಥ ಮನೆಯನ್ನು ಕೆಡವುವುದೆಂದು ತೀರ್ಮಾನವಾದ ಮಾರನೆಯ ದಿನವೇ ಸಾಮಾನ್ಯವಾಗಿ ಗುತ್ತಿಗೆದಾರನೊಬ್ಬ ಬಾಗಿಲಿಗೆ ಬರುತ್ತಾನೆ; ಮನೆಯನ್ನು ಕೆಡವಿ, ಮಣ್ಣು ಸಾಗಿಸಿ, ಜಾಗವನ್ನು ಸಮತಟ್ಟು ಮಾಡಿಕೊಟ್ಟು, ಮರವನ್ನೆಲ್ಲ ತಾನೇ ಒಯ್ಯುವುದಾಗಿ ಹೇಳಿ, ಮೇಲೊಂದಿಷ್ಟು ಹಣ ಕೊಡುವ ಮಾತನ್ನೂ ಆಡುತ್ತಾನೆ. ಜೆಸಿಬಿ ಯಂತ್ರ ಒಂದೇ ದಿನದಲ್ಲಿ ಕೆಲಸ ಮುಗಿಸುವುದು ನಿಜ. ಆದರೆ ಯಂತ್ರದ ಕೈ ತಗುಲಿದ ಹದಿನಾಲ್ಕು ಅಡಿಯ ತೊಲೆ ಏಳೇಳು ಅಡಿಯ ಎರಡು ಸೀಳುಗಳಾಗುತ್ತದೆ, ಕಂಬದ ತಲೆಯ ಮೇಲೆ ಕೂರುವ ಬೋದಿಗೆಯ ಕೆತ್ತನೆ ಉದುರುತ್ತದೆ, ಬಾಗಿಲುವಾಡ, ಅಂದರೆ ಬಾಗಿಲಿನ ಚೌಕಟ್ಟು, ಮೂಲೆಗಳಲ್ಲಿ ಬಿರಿಯುತ್ತದೆ. ಹಳೆಯ ಮರಕ್ಕೆ ಇರುವ ಬೆಲೆ ಅದರ ಉದ್ದದಲ್ಲಿ ಮತ್ತು ಮರಕ್ಕೆ ಮರವನ್ನು ಸೇರಿಸುವ ಕೆಡದ ಕೂಡುಗಳಲ್ಲಿ ಇರುತ್ತದೆಯೇ ಹೊರತು ತೂಕದಲ್ಲಿ ಅಲ್ಲ. ಆದ್ದರಿಂದ ಮನೆಯನ್ನು ಕಟ್ಟಿದ ಕ್ರಮವನ್ನು ತಿಳಿದು, ಅದನ್ನೇ ತಿರುವುಮುರುವಾಗಿ ಅನುಸರಿಸುತ್ತ ಕೈಯಿಂದ ಬಿಚ್ಚಬೇಕು.

ಕೈ ಹಚ್ಚುವ ಮೊದಲು

ಕಾಗದಪತ್ರದ ಕೆಲಸವನ್ನು ಮೊದಲು ಮುಗಿಸುವುದು ಒಳ್ಳೆಯದು. ಹಳೆಯ ಮನೆಗಳು ಬಹುಪಾಲು ದಾಯಾದಿಗಳ ಹೆಸರಿನಲ್ಲಿ ಜಂಟಿಯಾಗಿರುತ್ತವೆ. ಪಕ್ಕದ ಮನೆಯೊಂದಿಗೆ ನಡುಗೋಡೆಯೂ ಒಂದೇ ಆಗಿರುವುದುಂಟು. ಆ ಗೋಡೆಯ ಮೇಲೆ ಯಾರ ತೊಲೆಯ ತುದಿ ಕುಳಿತಿದೆ ಎಂಬುದನ್ನು ಎರಡೂ ಮನೆಯವರು ಒಟ್ಟಿಗೆ ನಿಂತು ನೋಡಿ ಬರೆದಿಟ್ಟುಕೊಳ್ಳಬೇಕು. ಗ್ರಾಮ ಪಂಚಾಯಿತಿಗೆ ಅಥವಾ ನಗರಪಾಲಿಕೆಗೆ ಲಿಖಿತವಾಗಿ ತಿಳಿಸಬೇಕು. ಮೈಸೂರು ನಗರದಲ್ಲಿ ಕಟ್ಟಡವು ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಇದೆಯೇ ಎಂದು ವಿಚಾರಿಸದೆ ಒಂದು ಹೆಂಚನ್ನೂ ತೆಗೆಯಬಾರದು. ಶ್ರೀರಂಗಪಟ್ಟಣದಂಥ ಊರಿನಲ್ಲಿ ಇನ್ನೊಂದು ತೊಡಕಿದೆ: ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ ಹಳೆಯ ಮನೆಯನ್ನು ಅನುಮತಿ ಪಡೆದು ದುರಸ್ತಿ ಮಾಡಬಹುದು, ಆದರೆ ಕೆಡವಿದ ಜಾಗದಲ್ಲಿ ಹೊಸದನ್ನು ಕಟ್ಟುವಂತಿಲ್ಲ. ಅಲ್ಲಿ ಮನೆಯನ್ನು ಬಿಚ್ಚುವ ಯೋಚನೆಯನ್ನೇ ಇನ್ನೊಮ್ಮೆ ತೂಗಿ ನೋಡಬೇಕಾಗುತ್ತದೆ.

ಮರವನ್ನು ಬೇರೆ ಊರಿಗೆ ಸಾಗಿಸುವುದಿದ್ದರೆ, ಕರ್ನಾಟಕ ಅರಣ್ಯ ಕಾಯ್ದೆ, 1963 ಮತ್ತು ಅದರಡಿ 1969ರಲ್ಲಿ ಬಂದ ನಿಯಮಗಳು ಮರದ ಸಾಗಣೆಯನ್ನು ನಿಯಂತ್ರಿಸುತ್ತವೆ ಎಂಬುದು ನೆನಪಿರಲಿ. ಮನೆ ನಿಂತಿರುವಾಗಲೇ ಎಲ್ಲ ಕೋಣೆಗಳ ಫೋಟೋ ತೆಗೆದು, ಮರದ ಪಟ್ಟಿಯೊಂದಿಗೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ, ಸಾಗಣೆಯ ಪರವಾನಗಿಯಾದ ರಹದಾರಿಯ ವಿಷಯವನ್ನು ಇತ್ಯರ್ಥ ಮಾಡಿಕೊಳ್ಳಬೇಕು. ತೇಗ, ಬೀಟೆಗಳನ್ನು ತುಂಬಿದ ಲಾರಿಯನ್ನು ತನಿಖಾ ಠಾಣೆಯಲ್ಲಿ ನಿಲ್ಲಿಸಿಕೊಂಡು, ಇದು ಅಜ್ಜನ ಕಾಲದ ಮನೆಯದು ಎಂದು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಇದು ಸುಲಭ.

ವಿದ್ಯುತ್ ಸಂಪರ್ಕವನ್ನು ಮೀಟರಿನ ಹತ್ತಿರ ಅಲ್ಲ, ಕಂಬದಲ್ಲಿಯೇ ಕಡಿತ ಮಾಡಿಸಬೇಕು. ಅದಕ್ಕೆ ಈ ಕಡೆಗೆ ವಿದ್ಯುತ್ ಪೂರೈಸುವ ಸೆಸ್ಕ್ ಕಚೇರಿಗೆ ಅರ್ಜಿ ಕೊಟ್ಟರೆ ಲೈನ್‌ಮನ್ ಬಂದು ಮಾಡುತ್ತಾರೆ. ಮನೆಯೊಳಗಿನ ಮೇನ್ ಸ್ವಿಚ್ಚನ್ನು ಆರಿಸಿ ಸುಮ್ಮನಾದರೆ ಸೂರಿನಂಚಿನವರೆಗಿನ ತಂತಿಯಲ್ಲಿ ವಿದ್ಯುತ್ ಹರಿಯುತ್ತಲೇ ಇರುತ್ತದೆ.

ಕೆಲಸಕ್ಕೆ ತಕ್ಕ ಕಾಲ ಸಂಕ್ರಾಂತಿ ಕಳೆದ ಮೇಲಿನಿಂದ ಯುಗಾದಿಯವರೆಗೆ. ಈ ಸೀಮೆಯಲ್ಲಿ ಆಗ ಮಳೆ ಬಹಳ ಅಪರೂಪ. ಯುಗಾದಿ ಕಳೆದರೆ ಗುಡುಗು, ಬಿರುಗಾಳಿಯ ಮಳೆ ಶುರುವಾಗುತ್ತದೆ. ಒಣ ಹವೆಯಲ್ಲಿ ಮರ ಕುಗ್ಗಿ ಕೂಡುಗಳು ತಾವಾಗಿ ಸಡಿಲವಾಗುತ್ತವೆ ಎಂಬುದು ಒಂದು ಲಾಭ. ಸೂರಿಲ್ಲದ ಮಣ್ಣಿನ ಗೋಡೆ ಮಳೆಯಲ್ಲಿ ನೆನೆದರೆ ಯಾವ ಗಳಿಗೆಯಲ್ಲಾದರೂ ಕುಸಿಯಬಹುದು ಎಂಬುದು ಅದಕ್ಕಿಂತ ದೊಡ್ಡ ಕಾರಣ. ಹಳೆಯ ಕಟ್ಟಡ ಹೇಳಿಕೇಳಿ ಬೀಳುವುದಿಲ್ಲ: ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು, ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟ್‌ನಲ್ಲಿ ನೆಲಕ್ಕೆ ಬಂತು.

ಮರವನ್ನು ಪರೀಕ್ಷಿಸುವುದು

ಬಿಚ್ಚುವ ಮೊದಲು ಪ್ರತಿಯೊಂದು ತೊಲೆ, ಕಂಬ, ತೊಲೆಗಳ ಮೇಲೆ ಹಾಯ್ದ ಜಂತೆಗಳನ್ನು ಸುತ್ತಿಗೆಯ ಹಿಂಬದಿಯಿಂದ ಮೆಲ್ಲಗೆ ತಟ್ಟುತ್ತ ಹೋಗಬೇಕು. ಗಟ್ಟಿಯಾದ ಮರ ಕಣಕಣ ಎನ್ನುತ್ತದೆ, ಒಳಗೆ ಟೊಳ್ಳಾದದ್ದು ಬದ್ ಎನ್ನುತ್ತದೆ. ಗೋಡೆಯೊಳಗೆ ಕುಳಿತ ತೊಲೆಯ ತುದಿಯನ್ನೂ ಕಂಬದ ಬುಡವನ್ನೂ ಬಿಡದೆ ಪರೀಕ್ಷಿಸಬೇಕು, ಏಕೆಂದರೆ ಗೆದ್ದಲು ಮಣ್ಣಿನ ಗೋಡೆಯೊಳಗಿಂದಲೇ ಹತ್ತಿ ಮೊದಲು ತುದಿಯನ್ನು ಹಿಡಿಯುತ್ತದೆ. ಸ್ಕ್ರೂಡ್ರೈವರಿನ ಮೊನೆಯಿಂದ ಒತ್ತಿದಾಗ ಅದು ಸಲೀಸಾಗಿ ಒಳಹೋದರೆ ಆ ತುದಿ ಭಾರ ಹೊರುತ್ತಿಲ್ಲ, ಗೋಡೆಯ ಮಣ್ಣೇ ಅದನ್ನು ಹಿಡಿದುಕೊಂಡಿದೆ ಎಂದು ಅರ್ಥ. ಅಂಥ ತೊಲೆಗೆ ಸರ್ವೆ ಗಳುಗಳ ಆಸರೆ ಕೊಟ್ಟ ಮೇಲೆಯೇ ಅದರ ಮೇಲಿನ ಕೆಲಸ. ತೊಲೆಯ ಕೆಳಗೆ ನೆಲದ ಮೇಲೆ ಹಿಟ್ಟಿನಂಥ ನುಣುಪಾದ ಪುಡಿ ಬಿದ್ದಿದ್ದರೆ ಅದು ಗೆದ್ದಲಲ್ಲ, ಕುಟ್ಟೆ ಹುಳು. ಅದು ಹೆಚ್ಚಾಗಿ ಹೊರಗಿನ ಬಿಳಿಮರವನ್ನು ತಿನ್ನುತ್ತದೆ. ಒಳಗಿನ ಚೇಗು ಗಟ್ಟಿಯಾಗಿಯೇ ಉಳಿದಿರುವ ಸಂಭವವಿದೆ.

ಮರದ ಜಾತಿಯನ್ನು ಗುರುತಿಸುವುದು ವ್ಯಾಪಾರಕ್ಕೂ ಮರುಬಳಕೆಗೂ ಬೇಕು. ನೂರು ವರ್ಷದ ಹೊಗೆ, ಎಣ್ಣೆ, ಧೂಳು ಹಿಡಿದ ಮೇಲೆ ಎಲ್ಲ ಮರವೂ ಒಂದೇ ಕಪ್ಪು. ಕಾಣದ ಜಾಗದಲ್ಲಿ ಉಳಿಯಿಂದ ಒಂದು ತೆಳುವಾದ ಚಕ್ಕೆಯನ್ನು ಎಬ್ಬಿಸಿ ನೋಡಬೇಕು. ತೇಗ ಹೊಂಬಣ್ಣದ್ದಾಗಿ, ಮುಟ್ಟಿದರೆ ಎಣ್ಣೆಯ ಜಿಡ್ಡಿನಂತಿದ್ದು, ಚರ್ಮದ ವಾಸನೆಯನ್ನು ಹೋಲುವ ತನ್ನದೇ ಘಾಟು ಬಿಡುತ್ತದೆ. ಮತ್ತಿ ಕಂದುಬಣ್ಣದಲ್ಲಿ ಕಪ್ಪು ಗೀರುಗಳಿರುವ ಭಾರವಾದ ಮರ. ಬೀಟೆ ನೇರಳೆ ಮಿಶ್ರಿತ ಕಪ್ಪು, ಕೆತ್ತಿದರೆ ಕಂಪು. ಹೊನ್ನೆಯ ಬಗ್ಗೆ ಸಂಶಯವಿದ್ದರೆ ಅದರ ಚಕ್ಕೆಯನ್ನು ಗಾಜಿನ ಲೋಟದ ನೀರಿನಲ್ಲಿ ಹಾಕಿಟ್ಟು ಸ್ವಲ್ಪ ಹೊತ್ತು ಬಿಟ್ಟು ಬೆಳಕಿಗೆ ಹಿಡಿಯಬೇಕು. ನೀರಿನಲ್ಲಿ ನೀಲಿಯ ಹೊಳಪು ಕಂಡರೆ ಅದು ಹೊನ್ನೆ.

ಗುರುತು ಹಾಕುವುದು

ಇಡೀ ಕೆಲಸದಲ್ಲಿ ಜನ ಅತಿ ಹೆಚ್ಚು ಉದಾಸೀನ ಮಾಡುವುದು ಇದನ್ನೇ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ನಿಲ್ಲಿಸಿದ್ದು ಸಾಧ್ಯವಾದದ್ದು ಪ್ರತಿಯೊಂದು ಕಲ್ಲಿಗೂ ಗುರುತು ಹಾಕಿಕೊಂಡದ್ದರಿಂದ. ಮನೆಯನ್ನು ಇದ್ದಂತೆಯೇ ಮತ್ತೆ ಕಟ್ಟುವ ಉದ್ದೇಶವಿಲ್ಲದಿದ್ದರೂ ಗುರುತು ಬೇಕು. ಹಳೆಯ ಕಾಲದ ಆಚಾರಿಗಳು ಒಂದೊಂದು ಕೂಡನ್ನೂ ಅದರದರ ಜೋಡಿಗೆ ಹೊಂದುವಂತೆ ಬೇರೆ ಬೇರೆಯಾಗಿ ಕೊರೆದಿರುತ್ತಾರೆ. ಒಂದು ಕಂಬದ ಬೋದಿಗೆ ಪಕ್ಕದ ಕಂಬಕ್ಕೆ ಕೂರುವುದಿಲ್ಲ.

ಮೊದಲು ನೆಲದ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಬರೆದುಕೊಂಡು, ತೊಟ್ಟಿಯ ನಾಲ್ಕು ಮಗ್ಗುಲುಗಳನ್ನು ದಿಕ್ಕಿನಿಂದ ಹೆಸರಿಸಬೇಕು. ಪೂರ್ವ, ಪಶ್ಚಿಮ ಎಂದು ಬರೆಯಹೊರಟರೆ ಎರಡಕ್ಕೂ ‘ಪ’ ಬಂದು ಗೊಂದಲವಾಗುವುದರಿಂದ ಮೂಡಲು, ಪಡುವಲು, ತೆಂಕಲು, ಬಡಗಲುಗಳ ಮೂ, ಪ, ತೆಂ, ಬ ಅಕ್ಷರಗಳನ್ನು ಬಳಸುವುದು ವಾಸಿ. ಮೂಡಲ ಮಗ್ಗುಲಿನ ಮೂರನೆಯ ಕಂಬ ಮೂ-ಕಂ-3; ಅದರ ಬೋದಿಗೆ ಮೂ-ಬೋ-3; ಮೂರನೆಯ ಕಂಬದಿಂದ ನಾಲ್ಕನೆಯದಕ್ಕೆ ಹಾಯ್ದ ತೊಲೆ ಮೂ-ತೊ-3-4. ಸೀಮೆಸುಣ್ಣದ ಗುರುತು ಎರಡು ಕೈ ಬದಲಾಗುವಷ್ಟರಲ್ಲಿ ಅಳಿಸಿಹೋಗುತ್ತದೆ. ತಗಡಿನ ಚಿಕ್ಕ ಬಿಲ್ಲೆಯ ಮೇಲೆ ಮೊಳೆಯಿಂದ ಅಂಕಿ ಕೊರೆದು, ಅದನ್ನು ಮರದ ಕಾಣದ ಮಗ್ಗುಲಿಗೆ ಸಣ್ಣ ಮೊಳೆಯಿಂದ ಹೊಡೆಯುವುದು ಉತ್ತಮ. ಜೊತೆಗೆ ಕೂಡಿನ ಎರಡೂ ಮರಗಳ ಮೇಲೆ ಹಾಯುವಂತೆ, ಅವು ಇನ್ನೂ ಸೇರಿರುವಾಗಲೇ, ಉಳಿಯಿಂದ ಒಂದು ತೆಳು ಗೆರೆಯನ್ನು ಎಳೆದಿಟ್ಟರೆ ಮುಂದೆ ಎತ್ತಲ ಮುಖ ಎತ್ತ ಎಂಬ ಪ್ರಶ್ನೆಯೇ ಬರುವುದಿಲ್ಲ. ಹಲವು ಮನೆಗಳಲ್ಲಿ ಕಟ್ಟಿದವರೇ ಕೊರೆದ ಗೀಟು, ಚುಕ್ಕೆಗಳ ಗುರುತು ಕೂಡಿನೊಳಗೆ ಸಿಗುತ್ತದೆ. ಸಿಕ್ಕರೆ ಅದನ್ನೂ ಪಟ್ಟಿಯಲ್ಲಿ ಬರೆದುಕೊಳ್ಳಿ.

ಪಟ್ಟಿಯಲ್ಲಿ ಪ್ರತಿ ಮರದ ಉದ್ದ, ಅಗಲ, ದಪ್ಪಗಳೂ ಇರಬೇಕು. ಉದ್ದವನ್ನು ಅಡಿಯಲ್ಲಿ, ಅಗಲ ಮತ್ತು ದಪ್ಪಗಳನ್ನು ಅಂಗುಲದಲ್ಲಿ ಅಳೆದು, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. ಹತ್ತು ಅಡಿ ಉದ್ದದ, ಆರಂಗುಲ ಚೌಕದ ಜಂತೆಯೆಂದರೆ ಎರಡೂವರೆ ಘನ ಅಡಿ. ಈ ಪಟ್ಟಿ ಕೈಯಲ್ಲಿಲ್ಲದೆ ಗುತ್ತಿಗೆದಾರನೊಂದಿಗೆ ಒಟ್ಟು ಮೊತ್ತದ ಮಾತಿಗೆ ಕೂರಬಾರದು.

ಹೆಂಚಿನಿಂದ ಕೆಳಗೆ

ಮೊದಲ ದಿನ ಇಳಿಸಬೇಕಾದದ್ದು ಹೆಂಚು. ನೆತ್ತಿಯ ಸಾಲನ್ನು ಮೊದಲು ತೆಗೆದು, ಅಲ್ಲಿಂದ ಇಳಿಜಾರಿನ ಎರಡೂ ಕಡೆ ಸಮಸಮನಾಗಿ ಕೆಳಕ್ಕೆ ಬರಬೇಕು. ಮಂಗಳೂರು ಹೆಂಚು ಒಂದೊಂದೂ ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಒಂದು ಮಗ್ಗುಲನ್ನು ಪೂರ್ತಿ ಬರಿದು ಮಾಡಿ ಇನ್ನೊಂದನ್ನು ಹಾಗೆಯೇ ಬಿಟ್ಟರೆ ಉಳಿದ ಭಾರವೆಲ್ಲ ಚೌಕಟ್ಟನ್ನು ಒಂದು ಕಡೆಗೆ ತಳ್ಳುತ್ತದೆ. ಕೆಲಸದವರು ಹೆಂಚನ್ನು ಹೊತ್ತ ತೆಳುಪಟ್ಟಿಯಾದ ರೀಪಿನ ಮೇಲೆ ನೇರವಾಗಿ ಕಾಲಿಡದೆ, ಅಡ್ಡಲಾಗಿ ಹಾಕಿದ ಹಲಗೆಯ ಮೇಲೆ ನಿಲ್ಲಬೇಕು. ಹೆಂಚನ್ನು ಎಸೆದು ಹಿಡಿಯುವ ಚಾಲಾಕಿಗಿಂತ ಇಳಿಜಾರಿಗೆ ಆನಿಸಿದ ಹಲಗೆಯ ಮೇಲೆ ಜಾರಿಸುವುದು ಲೇಸು. ಕೆಳಗೆ ಮಟ್ಟಸವಾಗಿ ಒಂದರ ಮೇಲೊಂದು ಪೇರಿಸದೆ, ಅಂಚಿನ ಮೇಲೆ ನಿಲ್ಲಿಸಿ ಒರಗಿಸಿಡಬೇಕು. ನಾಡಹೆಂಚಿನಲ್ಲಿ ಒಡೆದು ಹೋಗುವುದೇ ಹೆಚ್ಚು, ಅದಕ್ಕಾಗಿ ಹೆಚ್ಚು ಕೂಲಿ ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ. ಹೆಂಚಿನಡಿಯಲ್ಲಿ ಚೇಳು ಇರುವುದು ಸಾಮಾನ್ಯ. ಕೈಗೆ ಚರ್ಮದ ಗ್ಲೌಸು ಕಡ್ಡಾಯ. ಕೊಟ್ಟಿಗೆಯ ಮೇಲೆ ಹಳೆಯ ಸಿಮೆಂಟ್ ಶೀಟು ಇದ್ದರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವುದರಿಂದ ಒಡೆಯಬಾರದು, ಗರಗಸ ಹಾಕಬಾರದು. ನೀರು ಚಿಮುಕಿಸಿ ಇಡಿಯಾಗಿ ಇಳಿಸಬೇಕು.

ಹೆಂಚಿನ ನಂತರ ರೀಪು, ಆಮೇಲೆ ಇಳಿಜಾರಿನ ಮರಗಳು. ತೊಟ್ಟಿಮನೆಯಲ್ಲಿ ನಾಲ್ಕು ಮೂಲೆಗಳಿಂದ ತೊಟ್ಟಿಯ ಕಡೆಗೆ ಓರೆಯಾಗಿ ಇಳಿಯುವ ದಪ್ಪ ಮರಗಳ ಮೇಲೆ ಉಳಿದ ಚಿಕ್ಕ ಮರಗಳ ತುದಿಗಳು ಕೂತಿರುತ್ತವೆ. ಚಿಕ್ಕವನ್ನೆಲ್ಲ ಬಿಡಿಸಿದ ಮೇಲೆಯೇ ಮೂಲೆಯ ಮರಕ್ಕೆ ಕೈ ಹಾಕಬೇಕು. ಅಟ್ಟವಿದ್ದಲ್ಲಿ ಹಲಗೆಗಳ ಮೇಲೆ ಮಣ್ಣು ಹರಡಿ ಮೆತ್ತಿರುತ್ತಾರೆ. ಆ ಮಣ್ಣನ್ನು ಮೇಲಿನಿಂದಲೇ, ಜಂತೆಗಳ ಮೇಲೆ ಹಲಗೆ ಹಾಸಿ ನಿಂತು, ಬುಟ್ಟಿಯಲ್ಲಿ ತುಂಬಿ ಇಳಿಸಬೇಕು. ಕೆಳಗೆ ನಿಂತು ಹಾರೆಯಿಂದ ತಿವಿದು ಬೀಳಿಸುವುದು ಪ್ರಾಣಕ್ಕೆ ಎರವು.

ಗೂಟ ಮತ್ತು ಕೂಡು

ಇಲ್ಲಿಂದ ಮುಂದಿನದು ಆಚಾರಿಯ ಕೆಲಸ, ಹಾರೆ ಹಿಡಿದವರದಲ್ಲ. ಕಂಬದ ತಲೆಯಲ್ಲಿ ಉಳಿಸಿದ ಚಾಚು ಬೋದಿಗೆಯ ತೂತಿನಲ್ಲಿ ಕೂತು, ಬೋದಿಗೆಯ ಮೇಲೆ ಎರಡು ತೊಲೆಗಳ ತುದಿಗಳು ಒಂದನ್ನೊಂದು ಕಚ್ಚಿಕೊಂಡು, ಅವನ್ನೆಲ್ಲ ಮರದ ಗೂಟವೊಂದು ಹಿಡಿದುಕೊಂಡಿರುತ್ತದೆ. ಇಂಥ ಗೂಟ ಸಾಮಾನ್ಯವಾಗಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ. ದಪ್ಪ ತುದಿಗೆ ಹೊಡೆದಷ್ಟೂ ಅದು ಬಿಗಿಯುತ್ತದೆ, ಕಡೆಗೆ ತೊಲೆಯೇ ಸೀಳುತ್ತದೆ. ಈ ಕಡೆಯ ಆಚಾರಿಗಳ ಬಾಯಲ್ಲಿ ಕೇಳುವ ಮಾತು ಒಂದೇ: ‘ಹೊಡೀಬ್ಯಾಡಿ ಸ್ವಾಮಿ, ಮೊದ್ಲು ಸಣ್ದು ಎತ್ಲಾಗದೆ ನೋಡಿ.’ ಎರಡೂ ಕಡೆಯ ಮಸಿ, ಬಣ್ಣಗಳನ್ನು ಕೆರೆದು, ಗೂಟದ ಅಗಲವನ್ನು ಅಳೆದು ನೋಡಿದರೆ ತಿಳಿಯುತ್ತದೆ. ಸಣ್ಣ ತುದಿಯ ಮೇಲೆ, ಅದಕ್ಕಿಂತ ಕೊಂಚ ಕಿರಿದಾದ ಜಾಲಿಮರದ ಕಡ್ಡಿಯನ್ನು ಇಟ್ಟು, ಮರದ ಕೊಡತಿಯಿಂದ ನೇರವಾಗಿ, ಸಣ್ಣ ಸಣ್ಣ ಏಟುಗಳನ್ನು ಕೊಡಬೇಕು. ಕಬ್ಬಿಣದ ಸುತ್ತಿಗೆಯಿಂದ ನೇರವಾಗಿ ಹೊಡೆದರೆ ಗೂಟದ ತಲೆ ಅರಳಿ ತೂತಿನಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಏಟಿನ ಸದ್ದು ಬಿಗಿಯಾದ ಠಕ್ ಎನ್ನುವುದರಿಂದ ಸಡಿಲವಾದ ಸದ್ದಿಗೆ ತಿರುಗಿದಾಗ ಗೂಟ ಕದಲಿತೆಂದು ತಿಳಿಯಬಹುದು.

ಕದಲದ ಗೂಟಕ್ಕೆ ನೀರು ಹಾಕುವವರುಂಟು. ಹಾಗೆ ಮಾಡಬಾರದು, ಮರ ಉಬ್ಬಿ ಇನ್ನಷ್ಟು ಬಿಗಿಯುತ್ತದೆ. ಅದರ ನಡುವೆ ಡ್ರಿಲ್ ಯಂತ್ರದಿಂದ ಗೂಟದ ದಪ್ಪಕ್ಕಿಂತ ಕಿರಿದಾದ ತೂತು ಕೊರೆದು, ಗೂಟದ ಉಳಿದ ಅಂಚನ್ನು ಸಣ್ಣ ಉಳಿಯಿಂದ ಒಳಮುಖವಾಗಿ ಮುರಿದರೆ ಗೂಟ ಪುಡಿಯಾಗಿ ಹೊರಬರುತ್ತದೆ, ಕೂಡು ಉಳಿಯುತ್ತದೆ. ಗೂಟವನ್ನು ಮತ್ತೆ ಮಾಡಿಸಬಹುದು. ಒಡೆದ ತೊಲೆಗೆ ಅಂಥ ದಾರಿಯಿಲ್ಲ.

ಗೂಟ ಹೊರಬಂದ ತಕ್ಷಣ ಕೂಡು ಬಿಡುವುದಿಲ್ಲ. ಎರಡು ಮರಗಳ ನಡುವೆ ಹಾರೆ ತೂರಿಸಿ ಮೀಟುವ ಆಸೆ ಯಾರಿಗಾದರೂ ಬರುತ್ತದೆ; ಹಾಗೆ ಮೀಟಿದ ಕಡೆಯಲ್ಲೆಲ್ಲ ಅಂಚು ಜಜ್ಜಿ ಹೋಗುತ್ತದೆ. ಅದರ ಬದಲು ತೊಲೆಯ ಕೆಳಗೆ ಎರಡೂ ತುದಿಯಲ್ಲಿ ಜಾಕಿ ಇಟ್ಟು, ಜಾಕಿಗೂ ತೊಲೆಗೂ ನಡುವೆ ಗೋಣಿಚೀಲ ಸುತ್ತಿದ ಹಲಗೆಯ ತುಂಡು ಕೊಟ್ಟು, ಒಂದು ಬಾರಿ ಈ ಕಡೆ, ಒಂದು ಬಾರಿ ಆ ಕಡೆ, ಕಾಲಂಗುಲದಷ್ಟೇ ಎತ್ತುತ್ತ ಬರಬೇಕು. ಒಂದೇ ಕಡೆಯಿಂದ ಎತ್ತಿದರೆ ಚಾಚು ತೂತಿನಲ್ಲಿ ಓರೆಯಾಗಿ ಸಿಕ್ಕಿ ಬುಡದಲ್ಲಿ ಮುರಿಯುತ್ತದೆ. ಗೋಡೆಯಲ್ಲಿ ಹೂತ ತುದಿಯನ್ನು ಎಳೆದು ಬಿಡಿಸುವಂತಿಲ್ಲ. ಅದರ ಮೇಲಿನ ಮತ್ತು ಎರಡು ಮಗ್ಗುಲಿನ ಗೋಡೆಯನ್ನು ಒಂದೊಂದು ಅಡಿ ಬಿಚ್ಚಿ ತೊಲೆಯನ್ನು ಮೇಲಕ್ಕೆತ್ತಬೇಕು.

ತೊಲೆಯ ತೂಕವನ್ನು ಕಣ್ಣಳತೆಯಿಂದ ಅಂದಾಜು ಮಾಡುವುದು ಅಪಾಯ. ಹದಿನಾಲ್ಕು ಅಡಿ ಉದ್ದದ, ಎಂಟು ಅಂಗುಲಕ್ಕೆ ಹತ್ತು ಅಂಗುಲದ ತೇಗದ ತೊಲೆ ಸುಮಾರು 140 ಕಿಲೋ ಇರುತ್ತದೆ, ಅದೇ ಅಳತೆಯ ಮತ್ತಿಯದು 180 ಕಿಲೋ ದಾಟುತ್ತದೆ. ಭಾರ ಎತ್ತಿಳಿಸುವ ಚೈನ್ ಬ್ಲಾಕ್ ಬಾಡಿಗೆಗೆ ತರುವುದು ಒಳಿತು. ಅದಿಲ್ಲದಿದ್ದರೆ ಎರಡು ತುದಿಗೂ ಹಗ್ಗ ಕಟ್ಟಿ, ಭದ್ರವಾಗಿ ನಿಂತ ಕಂಬಕ್ಕೆ ಎರಡು ಸುತ್ತು ಹಾಕಿ, ಹಗ್ಗವನ್ನು ಬಿಡುತ್ತ ಬಿಡುತ್ತ ಇಳಿಸಬೇಕು. ಇಳಿಸುವಾಗ ಹೇಳುವ ಬಾಯಿ ಒಂದೇ ಇರಬೇಕು, ತೊಲೆಯ ಕೆಳಗೆ ಯಾರೂ ಇರಬಾರದು.

ಸೂರು ಇಳಿದ ಸಂಜೆ ಮನೆಗೆ ಹೋಗುವ ಮೊದಲು ಇನ್ನೊಂದು ಕೆಲಸವಿದೆ. ತ್ರಿಕೋನವಾಗಿ ಎದ್ದು ನಿಂತ ಗೋಡೆಯ ತಲೆಗಳನ್ನು ಅಲ್ಲಿಯವರೆಗೆ ಹಿಡಿದಿದ್ದದ್ದು ಸೂರಿನ ಮರಗಳೇ. ಅವು ಹೋದ ಮೇಲೆ ಆ ತಲೆಗಳು ಗಾಳಿಗೂ ನಿಲ್ಲುವುದಿಲ್ಲವಾದ್ದರಿಂದ ಅಂದೇ ಅವನ್ನು ಇಳಿಸಿಬಿಡಬೇಕು.

ಬಾಗಿಲುವಾಡ

ತಲೆಬಾಗಿಲನ್ನು ಹೊಸ ಮನೆಗೆ ಒಯ್ಯುವ ವಾಡಿಕೆ ನಮ್ಮಲ್ಲಿ ಇರುವುದರಿಂದ ಇದರ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ಹೊಸ್ತಿಲಿಗೆ ಅರಿಸಿನ ಕುಂಕುಮವಿಟ್ಟು ಕಾಯಿ ಒಡೆದ ಮೇಲೆ, ಮೊದಲು ಕದಗಳನ್ನು ಅವುಗಳ ತಿರುಗುಣಿಯಿಂದ ಎತ್ತಿ ತೆಗೆಯಬೇಕು. ವಾಡದ ಒಳಗೆ ಮೂಲೆಯಿಂದ ಮೂಲೆಗೆ ಎರಡು ಪಟ್ಟಿಗಳನ್ನು ಅಡ್ಡಡ್ಡ ಬಿಗಿದು ಚೌಕ ಕೆಡದಂತೆ ಮಾಡಿಕೊಳ್ಳಬೇಕು. ವಾಡದ ಮೇಲಿನ ಮರ ಎರಡೂ ಕಡೆ ಕಿವಿಯಂತೆ ಗೋಡೆಯೊಳಗೆ ಚಾಚಿರುತ್ತದೆ. ಆ ಕಿವಿಗಳನ್ನು ಗರಗಸದಿಂದ ಕುಯ್ದು ಬಿಡಿಸುವುದು ಶೀಘ್ರದ ದಾರಿ, ಆದರೆ ವಾಡಕ್ಕೆ ಬಲವಿರುವುದೇ ಅಲ್ಲಿ. ಸುತ್ತಲಿನ ಗೋಡೆಯನ್ನು ಕೊರೆದು, ಇಡೀ ವಾಡವನ್ನು ನಿಂತ ಭಂಗಿಯಲ್ಲಿಯೇ ಹೊರತೆಗೆಯಬೇಕು. ಹಳೆಯ ಎಣ್ಣೆಬಣ್ಣದಲ್ಲಿ ಸೀಸವಿರುವ ಸಂಭವ ಹೆಚ್ಚು. ಮನೆಬಳಕೆಯ ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮಿತಿ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅಂಥ ಬಣ್ಣವನ್ನು ಒಣಗಿದ್ದಾಗ ಉಜ್ಜುಕಾಗದದಿಂದ ಉಜ್ಜಬಾರದು, ಮಕ್ಕಳಿರುವ ಅಂಗಳದಲ್ಲಂತೂ ಕೂಡದು. ನೆನೆಸಿ ಕೆರೆದು, ಬಿದ್ದದ್ದನ್ನು ಕಾಗದದಲ್ಲಿ ಕಟ್ಟಿ ತೆಗೆದಿಡಬೇಕು.

ಮೊಳೆ ಮತ್ತು ದಾಸ್ತಾನು

ತುಕ್ಕು ಹಿಡಿದ ಮೊಳೆಯನ್ನು ಕೀಳುವ ಮೊದಲು ಒಂದು ಏಟು ಒಳಕ್ಕೆ ಹೊಡೆದರೆ ತುಕ್ಕಿನ ಹಿಡಿತ ಬಿಡುತ್ತದೆ, ಆಮೇಲೆ ಸಲೀಸಾಗಿ ಬರುತ್ತದೆ. ಹಾರೆಯ ಕೆಳಗೆ ಮರದ ತುಂಡು ಇಟ್ಟೇ ಮೀಟಬೇಕು. ಮೊಳೆ ಮೇಲಾಗಿರುವ ಹಲಗೆಯನ್ನು ನೆಲದ ಮೇಲೆ ಬಿಡುವುದು ಇಂಥ ಜಾಗಗಳಲ್ಲಿ ಗಾಯಕ್ಕೆ ಮೊದಲ ಕಾರಣ. ದಪ್ಪ ಅಟ್ಟೆಯ ಬೂಟು ಮತ್ತು ಮೊದಲೇ ಹಾಕಿಸಿಕೊಂಡ ಧನುರ್ವಾಯು ಚುಚ್ಚುಮದ್ದು ಎರಡೂ ಇರಲಿ. ಮುರಿದು ಒಳಗೇ ಉಳಿದ ಮೊಳೆಗಳನ್ನು ಹುಡುಕಲು ಕೆಟ್ಟ ಸ್ಪೀಕರಿನಿಂದ ತೆಗೆದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೇಲೆ ನಿಧಾನವಾಗಿ ಆಡಿಸಿದರೆ ಸಾಕು. ಮೊಳೆಯಿರುವ ಕಡೆ ಅದು ತಟ್ಟನೆ ಅಂಟಿಕೊಳ್ಳುತ್ತದೆ. ಸಾಮಿಲ್ಲಿನವರು ಹಳೆಯ ಮರವನ್ನು ಕುಯ್ಯಲು ಹಿಂಜರಿಯುವುದು ಬ್ಲೇಡು ಮೊಳೆಗೆ ಸಿಕ್ಕಿ ಹಾಳಾಗುತ್ತದೆಂಬ ಭಯದಿಂದ. ಈ ಪರೀಕ್ಷೆಯನ್ನು ಅವರ ಎದುರಿಗೇ ಇನ್ನೊಮ್ಮೆ ಮಾಡಿ ತೋರಿಸಿದರೆ ಒಪ್ಪಿಕೊಳ್ಳುತ್ತಾರೆ.

ಮರವನ್ನು ನೆಲಕ್ಕೆ ತಾಗದಂತೆ ಸೈಜುಗಲ್ಲುಗಳ ಮೇಲೆ, ಪ್ರತಿ ವರಸೆಯ ನಡುವೆ ಒಂದಂಗುಲದ ಪಟ್ಟಿಗಳನ್ನು ಎರಡೆರಡು ಅಡಿಗೆ ಒಂದರಂತೆ, ಮೇಲಿನದು ಕೆಳಗಿನದರ ನೇರಕ್ಕೆ ಬರುವಂತೆ ಕೊಟ್ಟು ಪೇರಿಸಬೇಕು. ಮೇಲೆ ತಗಡು ಸಾಕು. ಟಾರ್ಪಾಲಿನಿಂದ ಸುತ್ತಲೂ ಬಿಗಿದು ಮುಚ್ಚಿದರೆ ಒಳಗೆ ಬೆವೆತು ಬೂಷ್ಟು ಹಿಡಿಯುತ್ತದೆ. ಕುಟ್ಟೆ ಹುಳುವಿನ ಸಂಶಯವಿರುವ ಮರವನ್ನು ಬೇರೆ ಇಟ್ಟು, ಬೋರಾಕ್ಸ್ ಮೂರು ಪಾಲು, ಬೋರಿಕ್ ಆಸಿಡ್ ಎರಡು ಪಾಲು ಬೆರೆಸಿ, ಒಂದು ಕಿಲೋ ಮಿಶ್ರಣಕ್ಕೆ ಹತ್ತು ಲೀಟರಿನಂತೆ ಬಿಸಿನೀರಿನಲ್ಲಿ ಕದಡಿ, ಎರಡು ಮೂರು ಬಾರಿ ಹಚ್ಚಬೇಕು. ಮಳೆಗೆ ಇದು ತೊಳೆದು ಹೋಗುವುದರಿಂದ ಒಳಾಂಗಣದ ಮರಕ್ಕೆ ಮಾತ್ರ ಪ್ರಯೋಜನ.

ಕಂಬ, ಬೋದಿಗೆಗಳನ್ನು ಕುಯ್ಯದೆ ಇದ್ದಂತೆಯೇ ಬಳಸುವುದು ಮೇಲು. ತುದಿ ಲಡ್ಡಾದ ತೊಲೆಯನ್ನು ಗಟ್ಟಿಮರ ಸಿಗುವವರೆಗೆ ಕತ್ತರಿಸಿ, ಉಳಿದದ್ದನ್ನು ಕಿಟಕಿ, ಬಾಗಿಲುಗಳ ಚೌಕಟ್ಟಿಗೆ ಕುಯ್ಸಬಹುದು; ಜಂತೆಗಳು ಮೆಟ್ಟಿಲಿಗೂ ಬೆಂಚಿಗೂ ಬರುತ್ತವೆ. ಯಾವುದಕ್ಕೂ ಬಾರದ ತುಂಡುಗಳಲ್ಲಿ ಬಣ್ಣ ಹಚ್ಚದವನ್ನು ನೀರೊಲೆಗೆ ಹಾಕಬಹುದು. ಬಣ್ಣ ಬಳಿದದ್ದನ್ನೂ, ಗೆದ್ದಲಿಗೆಂದು ಔಷಧಿಯನ್ನೋ ಗಾಡಿಯ ಸುಟ್ಟ ಎಣ್ಣೆಯನ್ನೋ ಬಳಿದದ್ದನ್ನೂ ಒಲೆಗೆ ಹಾಕಬಾರದು, ಅದರ ಬೂದಿಯನ್ನು ಪಾತ್ರೆ ಬೆಳಗಲು ಅಥವಾ ಗಿಡಕ್ಕೆ ಬಳಸಲೂಬಾರದು.